ಕಮಲಾಪುರ ಬಿಡದವರು

ಜೂನ್ 11, ಮಂಗಳವಾರ

ಬಸ್ಸಿನಲ್ಲಿ ಇಂದೂ ಸೀಟು ಸಿಗಲಿಲ್ಲ. ಮಹಾಗಾಂವ ಕ್ರಾಸಿನವರೆಗೂ ನಿಂತೇ ಹೋದೆ. ಮೊಣಕಾಲು ಊದಿದೆ. ಮಳೆ ಒಂದು ದಿನ ಮುಖ ತೋರಿಸಿ ಹೋಯಿತು, ಸೆಕೆ ಮಾತ್ರ ಹಾಗೇ ಕೂತಿದೆ.

ಹತ್ತೊಂಬತ್ತು ವರ್ಷದಿಂದ ಇದೇ ರಸ್ತೆ. ಬೆಳಿಗ್ಗೆ ಕಲಬುರಗಿಯಿಂದ ಕಮಲಾಪುರ, ಸಂಜೆ ಕಮಲಾಪುರದಿಂದ ಕಲಬುರಗಿ. ಚಂದ್ರಶಾ ಸರ್ ಅವರದೂ ಇದೇ ಬಸ್ಸು. ಅವರು ಶರಣಸಿರಸಗಿಯಿಂದ ಬಸ್ ಸ್ಟ್ಯಾಂಡಿಗೆ ಬರುತ್ತಾರೆ, ನಾನು ಕುಸನೂರಿನಿಂದ. ಅವರು ರಾಜ್ಯಶಾಸ್ತ್ರ, ನಾನು ಇತಿಹಾಸ. ನನಗೆ ಸೀಟು ಸಿಗದ ದಿನ ಎದ್ದು ತಮ್ಮದನ್ನು ಕೊಡುತ್ತಾರೆ. ಇಂದು ಅವರಿಗೂ ಇರಲಿಲ್ಲ.

ಬಿ.ಎ. ಐದನೇ ಸೆಮಿಸ್ಟರಿಗೆ ಅಮೆರಿಕದ ಇತಿಹಾಸ ಶುರು ಮಾಡಿದೆ. ಹಳೆಯ ನೋಟ್ಸೇ ಸಾಕು. 1607ರಲ್ಲಿ ಜೇಮ್ಸ್‌ಟೌನ್ ವಸಾಹತು, 1619ರಲ್ಲಿ ಅಲ್ಲಿನ ಚರ್ಚಿನಲ್ಲಿ ಮೊದಲ ಚುನಾಯಿತ ಸಭೆ ಎಂದು ಬರೆಸಿದೆ. ನಲವತ್ತೊಂದು ಹುಡುಗಿಯರು ತಲೆ ತಗ್ಗಿಸಿ ಬರೆದುಕೊಂಡರು. ಮದಿಹಾ ಮಾತ್ರ ಪೆನ್ನು ನಿಲ್ಲಿಸಿ ಕೇಳಿದಳು:

"ಮೇಡಂ, ಅವರಿಗಿ ರಾಜ ಇದ್ದನಲ್ರಿ. ಮತ್ತ ಇವರ್ಯಾಕ ತಮ್ದೇ ಸಭಾ ಮಾಡಿದ್ರು?"

"ರಾಜ ದೂರ ಇದ್ದ."

"ಎಷ್ಟು ದೂರರಿ?"

"ಹಡಗಿನಲ್ಲಿ ಒಂದು ಕಾಗದ ಹೋಗಿ ಮುಟ್ಟಲಿಕ್ಕೆ ಆರು ವಾರ, ಎಂಟು ವಾರ."

ಅದನ್ನೂ ಬರೆದುಕೊಂಡಳು. ನಾನು ಗಂಟೆ ಯಾವಾಗ ಬಾರಿಸುತ್ತಾರೋ ಎಂದು ಕಾಯುತ್ತಿದ್ದೆ.

ಜೂನ್ 14, ಶುಕ್ರವಾರ

ಕಾಲೇಜು ನಡೆಸುವ ಸಂಸ್ಥೆಯಿಂದ ಸುತ್ತೋಲೆ ಬಂದಿದೆ. "ಕಮಲಾಪುರದ ಮಹಿಳಾ ಕಲಾ ವಿಭಾಗವನ್ನು ಜುಲೈ ಒಂದರಿಂದ ಕಲಬುರಗಿಯ ಕೇಂದ್ರ ಕಟ್ಟಡಕ್ಕೆ ಸ್ಥಳಾಂತರಿಸಲಾಗಿದೆ." ಸ್ಥಳಾಂತರಿಸಲಾಗುವುದು ಅಂತಲೂ ಅಲ್ಲ, ಸ್ಥಳಾಂತರಿಸಲಾಗಿದೆ. ಯಾರು ಮಾಡಿದರು ಎಂಬುದು ಆ ವಾಕ್ಯದಲ್ಲಿ ಎಲ್ಲೂ ಇಲ್ಲ.

ಈ ಕಾಲೇಜು ಕಟ್ಟಿದವರು ದೇವಿಂದ್ರಪ್ಪ ಗೌಡರು. ಊರಿನವರು ಜಾಗ ಕೊಟ್ಟರು, ಗೌಡರು ಗೋಡೆ ಎಬ್ಬಿಸಿದರು. ಆಮೇಲೆ ವರ್ಷಕ್ಕೆ ಎರಡು ಸಲ ಬಂದು, ಹಾರ ಹಾಕಿಸಿಕೊಂಡು, ಚಹಾ ಕುಡಿದು ಹೋಗುತ್ತಿದ್ದರು. ಉಳಿದದ್ದೆಲ್ಲ ನಮ್ಮ ಕೈಯಲ್ಲಿ. ತಿಂಗಳ ಮೊದಲ ಶನಿವಾರ ಬೇವಿನ ಮರದ ಕೆಳಗೆ ಉಪನ್ಯಾಸಕರು ಆರೂ ಜನ ಕೂತು ವೇಳಾಪಟ್ಟಿ, ರಜೆ, ಯಾವ ಹುಡುಗಿಗೆ ಫೀಸು ಬಿಡಬೇಕು, ಎಲ್ಲ ನಾವೇ ಗೊತ್ತುಮಾಡಿಕೊಳ್ಳುತ್ತಿದ್ದೆವು. ಯಾರೂ ಕೇಳಲಿಲ್ಲ, ನಾವೂ ಯಾರನ್ನೂ ಕೇಳಲಿಲ್ಲ. ಗೌಡರು ತೀರಿಹೋಗಿ ಎರಡು ವರ್ಷವಾಯಿತು. ಈಗ ಮಗ ಅಮರನಾಥ ಕಾರ್ಯದರ್ಶಿ. ಈ ಕಟ್ಟಡದಲ್ಲಿ ಇಂಗ್ಲಿಷ್ ಮಾಧ್ಯಮದ ಶಾಲೆ ತೆರೆಯುತ್ತಾರಂತೆ.

ಸಂಜೆ ಆರೂ ಜನ ಕೂತೆವು. ಎಲ್ಲರೂ ಸುತ್ತೋಲೆಯನ್ನು ತಿರುವಿ ಹಾಕಿ ನೋಡಿದರು. ಕಲಬುರಗಿಗೇ ಬಂದರೆ ನನಗೆ ಬಸ್ಸಿನ ಕಾಟ ತಪ್ಪುತ್ತದೆ ಎಂಬ ಯೋಚನೆ ಬಂತು. ಬಂದದ್ದು ನಿಜ, ಅದಕ್ಕೇ ಬರೆದಿದ್ದೇನೆ.

ಜೂನ್ 22, ಶನಿವಾರ

ಕಾರ್ಯದರ್ಶಿಗೆ ಅರ್ಜಿ ಕೊಟ್ಟು ಬಂದೆವು. ಊರಿನ ಪರವಾಗಿ ಗುಲಾಮ್ ರಸೂಲ್ ಬಂದಿದ್ದರು. ಕೆಂಪು ಬಾಳೆಹಣ್ಣಿನ ವ್ಯಾಪಾರಿ, ಅವರ ಇಬ್ಬರು ಹೆಣ್ಣುಮಕ್ಕಳು ನಮ್ಮಲ್ಲೇ ಓದಿದವರು. ನಾನು ಹೋಗುವವಳಿರಲಿಲ್ಲ. ಅರ್ಜಿ ಬರೆದವಳು ನಾನಾದ್ದರಿಂದ ಹಿಡಿದು ಕರೆದುಕೊಂಡು ಹೋದರು.

ಅಮರನಾಥ ಕೆಟ್ಟ ಮನುಷ್ಯನಲ್ಲ. ಎದ್ದು ನಿಂತು ಕೂರಿಸಿದರು, ಚಹಾ ತರಿಸಿದರು.

"ಒಂದು ತಾಸಿನ ದಾರಿ ಅದ, ಅಷ್ಟ. ಇಲ್ಲಿ ಲೈಬ್ರರಿ ಅದ, ಕಂಪ್ಯೂಟರ್ ಅದ. ಹುಡಿಗ್ಯಾರಿಗೇ ಛಲೋ ಅಲ್ಲೇನ್ರಿ?"

ಗುಲಾಮ್ ರಸೂಲ್ ಅಂದರು, "ಸಾಬ್, ತಾಂಡಾದಿಂದ ನಮ್ಮೂರಿಗಿ ಬರಾಕೇ ಅವರಿಗಿ ಒಂದು ತಾಸು ಹಿಡೀತದ. ಇಲ್ಲಿಗಿ ಬರೂದಂದ್ರ ದಿನಾ ಪೂರಾ ಹೋತು. ಅರ್ಧಾ ಮಂದಿ ಮನ್ಯಾಗ ಕೂಡ್ತಾರ. ಒಮ್ಮೆ ಅವರ ಮನೀ ಮಂದೀನ ಕೇಳಿದ್ರೇನ್ರಿ ನೀವು?"

"ಸಂಸ್ಥಾ ನಡಸೂ ಜಿಮ್ಮೇದಾರಿ ನಮ್ದದ. ಊರೆಲ್ಲಾ ಕೇಳ್ಕೋತ ಕುಂತ್ರ ಹ್ಯಾಂಗ್ರಿ?"

ನಾವು ಕೊಟ್ಟ ಅರ್ಜಿಯನ್ನು ಓದಲಿಲ್ಲ. ಮೇಜಿನ ಮೇಲೆ ಇಟ್ಟರು, ಅದರ ಮೇಲೆ ಚಹಾದ ಕಪ್ಪು ಇಟ್ಟರು. ಬೇಕಂತ ಇಟ್ಟದ್ದಲ್ಲ. ಅದು ಕಾಗದ ಎಂದು ಕಾಣಲೇ ಇಲ್ಲ, ಅಷ್ಟೇ.

ಹೊರಗೆ ಚಂದ್ರಶಾ ಸರ್ ನನ್ನ ಜೊತೆ ಆಟೋ ಸ್ಟ್ಯಾಂಡಿನವರೆಗೆ ನಡೆದರು. "ಮೇಡಂ, ಅವ್ರು ಮಾಡಿದ್ದು ಬರೋಬ್ಬರಿ ಅಲ್ಲ. ಆದ್ರ ಹುಕುಂ ಹುಕುಂ. ನಾ ಎಂ.ಎ. ಮಾಡಿ ಕಿರಾಣಿ ಅಂಗಡ್ಯಾಗ ಪುಡಿಕಿ ಕಟ್ಟತಿದ್ದೆ. ಗೌಡ್ರು ಸಕ್ಕರಿ ತಗೊಳ್ಳಾಕ ಬಂದವ್ರು ನನ್ನ ಕರ್ಕೊಂಡು ಹೋಗಿ ಕುರ್ಚಿ ಮ್ಯಾಲೆ ಕುಂದ್ರಿಸಿದ್ರು. ಅವರ ಮನಿತನಕ್ಕ ನಾ ಹ್ಯಾಂಗ ಎದುರು ನಿಲ್ಲಲಿ?"

ಆಟೋ ಬಂತು, ಹತ್ತಿ ಮನೆಗೆ ಬಂದೆ.

ಜುಲೈ 1, ಸೋಮವಾರ

ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ನಿಂತಾಗಲೂ ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಕಮಲಾಪುರದ ಮೇಲೆ ಹೋಗುವ ಹುಮನಾಬಾದ್ ಬಸ್ಸು ಬಂತು, ಹತ್ತಿದೆ. ಕಾಲಿಗೆ ರೂಢಿಯಾಗಿತ್ತು. ಚಂದ್ರಶಾ ಸರ್ ಬರಲಿಲ್ಲ.

ಕಮಲಾಪುರದಲ್ಲಿ ಆಯಾ ದುಂಡಮ್ಮ ಎಂದಿನಂತೆ ಬಾಗಿಲು ತೆಗೆದು ಕಸ ಗುಡಿಸಿದ್ದಳು. "ಬಾಗಿಲು ತೆಗೀಬ್ಯಾಡ ಅಂತ ಹೇಳಿಲ್ಲೇನು ನಿನಗೆ?" ಎಂದು ಕೇಳಿದೆ.

"ನನಗ್ಯಾರು ಹೇಳ್ಯಾರ್ರಿ ಬಾಯಾರ? ಕಾಗದ ನಿಮಗ ಬಂದದ. ನನ್ನ ಹೆಸರ್ಲೆ ಬಂದಿಲ್ಲ."

ಹುಡುಗಿಯರು ಒಬ್ಬೊಬ್ಬರಾಗಿ ಬಂದರು. ನನ್ನ ಕ್ಲಾಸಿಗೆ ಮೂವತ್ತೆಂಟು. ಕಲಬುರಗಿಗೆ ಒಬ್ಬಳೂ ಹೋಗಿಲ್ಲ. ಉಪನ್ಯಾಸಕರು ನಾವು ಐದು ಜನ. ಆರನೆಯವರು ಅಲ್ಲಿ ಕೇಂದ್ರ ಕಟ್ಟಡದ ಎರಡನೇ ಮಹಡಿಯಲ್ಲಿ, ಖಾಲಿ ಕೋಣೆಯಲ್ಲಿ ಕೂತಿದ್ದಾರಂತೆ.

ಜುಲೈ 3, ಬುಧವಾರ

ಚಂದ್ರಶಾ ಸರ್ ಫೋನು ಮಾಡಿದ್ದರು.

"ಮೇಡಂ, ಹುಡಿಗ್ಯಾರ ವರ್ಷ ಹಾಳಾಗ್ತದ. ನೀವರೆ ತಿಳಿಸಿ ಹೇಳ್ರಿ. ಹಾಜರಿ ಇಲ್ಲದ ಪರೀಕ್ಷಾಕ್ಕ ಹ್ಯಾಂಗ ಕುಂದ್ರತಾರ?"

"ನೀವೇ ಇಲ್ಲಿ ಬಂದು ಹಾಜರಿ ತಗೋರಿ, ಸರ್."

"ಬಸ್ಸಿನ್ಯಾಗ ಸೀಟು ಸಿಗ್ತದೇನ್ರಿ?" ಅಂದರು. ಸಿಗುತ್ತದೆ ಎಂದೆ. ಸಿಗುತ್ತಿರಲಿಲ್ಲ.

ಜುಲೈ 18, ಗುರುವಾರ

ಇಂದು ಸ್ಟಾಂಪ್ ಕಾಯಿದೆ. ನೋಟ್ಸು ಮನೆಯಲ್ಲೇ ಮರೆತು ಬಂದಿದ್ದೆ. ಬಾಯಿಯಿಂದಲೇ ಹೇಳಿದೆ. ಒಂದೂವರೆ ನೂರು ವರ್ಷ ಇಂಗ್ಲೆಂಡು ವಸಾಹತಿನವರ ಗೊಡವೆಗೇ ಬರಲಿಲ್ಲ. ತಮ್ಮ ಊರಿನ ಸಭೆ ತಾವೇ ನಡೆಸಿದರು, ರಾಜ ಕಳಿಸಿದ ಗವರ್ನರನ ಸಂಬಳವನ್ನೂ ತಾವೇ ಗೊತ್ತುಮಾಡಿದರು. ಆಮೇಲೆ ಒಂದು ದಿನ ಪಾರ್ಲಿಮೆಂಟಿಗೆ ಅವರ ನೆನಪಾಯಿತು. ಪತ್ರಿಕೆ, ಕರಾರು ಪತ್ರ, ಇಸ್ಪೀಟಿನ ಎಲೆ, ಎಲ್ಲದರ ಮೇಲೂ ತೆರಿಗೆಯ ಮುದ್ರೆ. ತೆರಿಗೆ ದೊಡ್ಡದಲ್ಲ, ಕೇಳದೆ ಹಾಕಿದ್ದು ದೊಡ್ಡದು. ಇಂಗ್ಲೆಂಡಿನ ಬಟ್ಟೆ ಬೇಡವೆಂದು ಹೆಂಗಸರು ಮನೆಯಲ್ಲೇ ನೂತರು, ನೇಯ್ದರು.

ಹುಡುಗಿಯರು ಬರೆಯುವುದನ್ನು ಬಿಟ್ಟು ನನ್ನ ಮುಖ ನೋಡುತ್ತಿದ್ದರು. ಗಂಟೆ ಬಾರಿಸಿದ್ದು ಕೇಳಿಸಲಿಲ್ಲ.

ಕ್ಲಾಸು ಮುಗಿದ ಮೇಲೆ ಮದಿಹಾ ಬಾಗಿಲ ಬಳಿ ನಿಂತಳು. ಊರಿನವರೆಲ್ಲ ಸೇರಿ ಕಾಲೇಜು ಉಳಿಸುವ ಸಮಿತಿ ಮಾಡಿದ್ದೇವೆ. ಗುಲಾಮ್ ರಸೂಲ್ ಅಧ್ಯಕ್ಷರು, ನಿವೃತ್ತ ಪೋಸ್ಟ್‌ಮಾಸ್ಟರ್ ಮಹಾದೇವಪ್ಪ, ಪಾಲಕರು ಮೂರು ಜನ, ಉಪನ್ಯಾಸಕರ ಪರ ನಾನು. ಗೋಡೆಗೆ ಅಂಟಿಸಿದ್ದ ಪಟ್ಟಿಯನ್ನು ಅವಳು ಓದಿದ್ದಾಳೆ.

"ಮೇಡಂ, ಇದರಾಗ ನಮ್ಮವರು ಯಾರೂ ಇಲ್ಲಲ್ರಿ."

"ನಿಮ್ಮ ತಂದೆ ತಾಯಿ ಇದ್ದಾರಲ್ಲ."

"ಅವರು ಕಲಿಯಾಕ ಬರೂದಿಲ್ರಿ. ನಾವು ಬರ್ತೀವಿ."

ಸಿಟ್ಟು ಬಂತು. ಇಷ್ಟು ಹೈರಾಣಾಗಿ ಇವರಿಗಾಗಿ ಓಡಾಡಿದರೆ ಇವಳ ತಕರಾರು ಬೇರೆ. "ಸರಿ, ಒಬ್ಬರನ್ನು ಆರಿಸಿ ಕೊಡಿ" ಎಂದು ಹೇಳಿ ಹೊರಟುಬಿಟ್ಟೆ. ಮಧ್ಯಾಹ್ನವೇ ಹುಡುಗಿಯರು ಚೀಟಿ ಹಾಕಿ ಅವಳನ್ನೇ ಆರಿಸಿದ್ದಾರೆ. ಅವಳು ಬೆಳಿಗ್ಗೆ ಒಂಬತ್ತರವರೆಗೂ, ಸಂಜೆ ನಾಲ್ಕರಿಂದಲೂ ತಾಯಿಯ ಜೊತೆ ಹೊಲಿಗೆ ಯಂತ್ರದ ಮುಂದೆ ಕೂರುವವಳು. ಕಲಬುರಗಿಗೆ ಹೋಗಬೇಕಾದರೆ ಓದು ಬಿಡುವುದೇ.

ಮನೆಗೆ ಬಂದು ನಾಳೆಯಿಂದ ಬೆಳಿಗ್ಗೆ ಚಪಾತಿ ಬೇಡ, ಉಪ್ಪಿಟ್ಟು ಎಂದೆ. ನನ್ನ ಯಜಮಾನರು ಮಾಳಿಂಗ, ಕೃಷಿ ಇಲಾಖೆಯಲ್ಲಿ ಗುಮಾಸ್ತ, ಪೇಪರಿನಿಂದ ತಲೆ ಎತ್ತದೆ ಅಂದರು: "ಈಗೀಗ ನೀ ಮನ್ಯಾಗೂ ಠರಾವು ಪಾಸು ಮಾಡಾಕತ್ತಿ ನೋಡು. ಸಭಾ ಕರೀಬೇಕಿತ್ತಿಲ್ಲೋ ಒಮ್ಮೆ?"

ತಮಾಷೆ ಮಾಡುವುದಕ್ಕೆ ಇವರಿಗೆ ಹೊತ್ತುಗೊತ್ತಿಲ್ಲ.

ಆಗಸ್ಟ್ 6, ಮಂಗಳವಾರ

ಪಗಾರ ನಿಲ್ಲಿಸಿದ್ದಾರೆ. ಐದೂ ಜನಕ್ಕೆ ನೋಟೀಸು ಬಂದಿದೆ. ಇಬ್ಬರು ಕಂಪ್ಯೂಟರ್ ಸೆಂಟರಿನಲ್ಲಿ ಸಂಜೆ ಪಾಠ ಹಿಡಿದಿದ್ದಾರೆ.

ಕ್ಲಾಸಿನಲ್ಲಿ ಮೂವತ್ತೈದು. ಮಳೆ ಹಿಡಿದಿದೆ, ಕೊನೆಯ ಬೆಂಚಿನ ಮೇಲೆ ಸೋರುತ್ತದೆ. ಅಲ್ಲಿ ಕೂರುವವರು ಕೊಡೆ ಬಿಚ್ಚಿಕೊಂಡು ಬರೆಯುತ್ತಾರೆ.

ದಣಿವು ಎಲುಬಿಗೆ ಇಳಿದಿದೆ.

ಆಗಸ್ಟ್ 15, ಗುರುವಾರ

ಧ್ವಜ ಏರಿಸಿದೆವು. ದುಂಡಮ್ಮ ಹಗ್ಗ ಎಳೆದಳು. ಕೇಂದ್ರ ಕಟ್ಟಡದ ಕಾರ್ಯಕ್ರಮದಲ್ಲಿ ಚಂದ್ರಶಾ ಅವರ ಕೈಯಿಂದ ಭಾಷಣ ಮಾಡಿಸಿದರಂತೆ. ಸ್ವಾತಂತ್ರ್ಯದ ಬಗ್ಗೆ. ಗುಲಾಮ್ ರಸೂಲ್ ಕೇಳಿ ನಕ್ಕರು. ನಾನೂ ನಕ್ಕೆ.

ಆಗಸ್ಟ್ 29, ಗುರುವಾರ

ಕಣ್ಣಿ ಮಾರ್ಕೆಟ್ಟಿನಲ್ಲಿ ಚಂದ್ರಶಾ ಕಂಡರು. ನಾನು ಕೊತ್ತಂಬರಿ ಕೊಳ್ಳುತ್ತಿದ್ದೆ. ಆ ಕಡೆ ಬದನೆಕಾಯಿ ಗುಡ್ಡೆಯ ಹತ್ತಿರ ಚೀಲ ಹಿಡಿದು ನಿಂತಿದ್ದರು, ತೆಳ್ಳಗಾಗಿದ್ದಾರೆ. ನನ್ನನ್ನು ನೋಡಿ "ಮೇಡಂ" ಎಂದು ಕರೆದರು. ನಾನು ಕೊತ್ತಂಬರಿಯವಳ ಜೊತೆ ಚೌಕಾಸಿಗೆ ಇಳಿದೆ. ಇನ್ನೊಮ್ಮೆ ಕರೆದರು. ನನ್ನ ಚೌಕಾಸಿ ಮುಗಿಯಲಿಲ್ಲ. ತಿರುಗಿ ನೋಡಿದಾಗ ಇರಲಿಲ್ಲ.

ಕೊತ್ತಂಬರಿಯವಳು, "ಅಕ್ಕಾರ, ನಿಮ್ಮನ್ನೇ ಕರೀತಿದ್ರಲ್ಲ ಅವ್ರು" ಅಂದಳು.

ಸುಮ್ಮನೆ ಬಂದೆ. ಆ ಮನುಷ್ಯನ ಜೊತೆ ಏನು ಮಾತಾಡುವುದು? ದಿನಾ ಫ್ಯಾನಿನ ಕೆಳಗೆ ಕೂತು ಸಹಿ ಹಾಕಿ ಬರುವವರಿಗೆ ನಮ್ಮ ಕಷ್ಟ ಗೊತ್ತಾಗುವುದಿಲ್ಲ.

ಸೆಪ್ಟೆಂಬರ್ 12, ಗುರುವಾರ

ಪಾಠ ಸ್ವಾತಂತ್ರ್ಯ ಘೋಷಣೆಯವರೆಗೆ ಬಂತು. ಕೊನೆಯದಾಗಿ ಒಮ್ಮೆ ರಾಜನಿಗೆ ಅರ್ಜಿ ಕಳಿಸಿದರು, ರಾಜ ಅದನ್ನು ತೆಗೆದುಕೊಳ್ಳಲೇ ಇಲ್ಲ ಎಂದಾಗ ಇಡೀ ಕ್ಲಾಸು "ಹೌದು ಹೌದು" ಅಂದಿತು. ಚಹಾದ ಕಪ್ಪಿನ ಕಥೆ ಎಲ್ಲರಿಗೂ ಗೊತ್ತು.

ಆಮೇಲೆ ಬರೆಸಿದೆ: "ವಸಾಹತುಗಳಲ್ಲಿ ರಾಜನಿಗೆ ನಿಷ್ಠರಾಗಿ ಉಳಿದವರೂ ಇದ್ದರು."

ಅಫ್ರೀನ್ ಎಂಬ ಹುಡುಗಿ, ಎಂದೂ ಬಾಯಿ ಬಿಡದವಳು, ಎದ್ದು ನಿಂತಳು. "ಅವರೂ ಅಲ್ಲೇ ಹುಟ್ಟಿದವರೇನ್ರಿ ಮೇಡಂ?"

"ಬಹಳ ಜನ ಅಲ್ಲೇ ಹುಟ್ಟಿದವರು."

"ಮತ್ತ ಯುದ್ಧ ಮುಗದ ಮ್ಯಾಲೆ ಏನಾದ್ರು?"

"ಕೆನಡಾಕ್ಕೆ ಹೋದರು, ಇಂಗ್ಲೆಂಡಿಗೆ ಹೋದರು. ಸುಮಾರು ಅರವತ್ತು ಸಾವಿರ ಜನ."

"ಅವರ ಮನಿ, ಹೊಲ?"

"ಕೆಲವರದನ್ನು ಕಿತ್ತುಕೊಂಡರು. ಅದು ಅವರೇ ಆರಿಸಿಕೊಂಡದ್ದು. ಮುಂದೆ ಬರೆಯಿರಿ."

ಅವಳು ಕೂತಳು. ಅಷ್ಟು ಗಡುಸಾಗಿ ಹೇಳಬೇಕಾಗಿರಲಿಲ್ಲವೇನೋ. ಗಂಟಲು ಕೆಟ್ಟಿದೆ, ಅದಕ್ಕೆ ಹಾಗೆ ಕೇಳಿಸಿರಬೇಕು.

ಸೆಪ್ಟೆಂಬರ್ 26, ಗುರುವಾರ

ಗೆದ್ದೆವು.

ಪರೀಕ್ಷೆಯ ಅರ್ಜಿಗೆ ಮುಂಚೆ ವಿಶ್ವವಿದ್ಯಾಲಯದಿಂದ ತಪಾಸಣೆಗೆ ಬಂದವರು ಕೇಂದ್ರ ಕಟ್ಟಡದಲ್ಲಿ ಒಬ್ಬ ಉಪನ್ಯಾಸಕ, ಖಾಲಿ ಬೆಂಚು ನೋಡಿದರು. ಮರುದಿನ ಕಮಲಾಪುರಕ್ಕೆ ಬಂದು ಕಿಕ್ಕಿರಿದ ಕೋಣೆ ನೋಡಿದರು. ವಿದ್ಯಾರ್ಥಿಗಳಿಲ್ಲದ ವಿಭಾಗಕ್ಕೆ ಮಾನ್ಯತೆ ಉಳಿಯುವುದಿಲ್ಲ ಎಂದು ಅಮರನಾಥ ಅವರಿಗೆ ಸ್ಪಷ್ಟವಾಗಿ ಹೇಳಿದರಂತೆ. ಇಂದು ಸಂಸ್ಥೆಯಿಂದ ಕಾಗದ ಬಂತು. ವಿಭಾಗ ಕಮಲಾಪುರದಲ್ಲೇ ಇರುತ್ತದೆ. ಹೆಸರು ಸಂಸ್ಥೆಯದು, ಆಡಳಿತ ಏಳು ಜನರ ಸ್ಥಳೀಯ ಸಮಿತಿಯದು. ವೇಳೆ, ರಜೆ, ಸಿಬ್ಬಂದಿ, ಎಲ್ಲ ಸಮಿತಿಯೇ ಗೊತ್ತುಮಾಡಬಹುದು. ನಾವು ಇಲ್ಲಿ ತೆಗೆದುಕೊಂಡ ಹಾಜರಿಯೂ ನಡೆಯುತ್ತದೆ.

ಗುಲಾಮ್ ರಸೂಲ್ ಒಂದು ಗಾಡಿ ಕೆಂಪು ಬಾಳೆಹಣ್ಣು ತಂದು ಹಂಚಿದರು. ಹುಡುಗಿಯರು ಕುಣಿದರು. ದುಂಡಮ್ಮ ಹೊತ್ತಲ್ಲದ ಹೊತ್ತಲ್ಲಿ ಗಂಟೆ ಬಾರಿಸಿದಳು. ನನಗೆ ಸಂತೋಷವಾಗಬೇಕಿತ್ತು. ಎಲ್ಲಾದರೂ ಗೋಡೆಗೆ ಒರಗಿ ನಿದ್ದೆ ಮಾಡಬೇಕು ಅನ್ನಿಸಿತು, ಅಷ್ಟೇ.

ಸೆಪ್ಟೆಂಬರ್ 30, ಸೋಮವಾರ

ಸಮಿತಿಯ ಸಭೆ. ಕೊನೆಯ ವಿಷಯ ಚಂದ್ರಶಾ ಅವರದು. ವಿಭಾಗ ಇಲ್ಲೇ ಉಳಿದದ್ದರಿಂದ ಅಲ್ಲಿ ಅವರಿಗೆ ಕೆಲಸವಿಲ್ಲ. "ಕಮಲಾಪುರದವರು ಕರೆದ್ರ ಹೋಗ್ರಿ" ಎಂದು ಕಾರ್ಯದರ್ಶಿ ಹೇಳಿ ಕಳಿಸಿದ್ದಾರೆ. ನಿವೃತ್ತಿಗೆ ಎಂಟು ತಿಂಗಳು ಉಳಿದಿದೆ.

ಗುಲಾಮ್ ರಸೂಲ್ ಅಂದರು: "ಮೂರು ತಿಂಗಳು ನಾವು ಇಲ್ಲಿ ಮಳ್ಯಾಗ ತೊಯ್ಸಿಕೊಂಡೀವಿ. ಅವ್ರು ಅಲ್ಲಿ ಆರಾಮ ಕುಂತಾರ. ಈಗ ಬರ್ತೀನಂದ್ರ? ಬಿಲ್ಕುಲ್ ನಹೀಂ. ಬ್ಯಾರೆಯವ್ರನ್ನ ನೋಡೋಣು."

ಮಹಾದೇವಪ್ಪ ತಲೆ ಆಡಿಸಿದರು. ಪಾಲಕರು ಮೂವರೂ ಹೌದೆಂದರು. ಬರಬೇಕು ಎನ್ನುವವರು ಕೈ ಎತ್ತಿ ಎಂದಾಗ ಮದಿಹಾ ಒಬ್ಬಳೇ ಎತ್ತಿದಳು. ದಾರದ ಎಳೆಗಳು ಅಂಟಿದ್ದ ತೋಳು, ನೆಟ್ಟಗೆ.

"ಬಾಯಾರ, ನಿಮ್ದು?" ಎಂದು ಗುಲಾಮ್ ರಸೂಲ್ ಕೇಳಿದರು.

"ಸಭೆ ಹೇಗೆ ಹೇಳುತ್ತದೋ ಹಾಗೆ" ಎಂದೆ.

ಬಹಳ ದಣಿದಿದ್ದೆ. ಸಂಜೆಯ ಬಸ್ಸು ತಪ್ಪುತ್ತಿತ್ತು. ಮದಿಹಾ ಕೈ ಇಳಿಸಿದಳು, ನನ್ನ ಕಡೆ ನೋಡಲಿಲ್ಲ.

ಅಕ್ಟೋಬರ್ 2, ಬುಧವಾರ

ರಜೆ. ದಿನವೆಲ್ಲ ಮಲಗಿದೆ. ನಿದ್ದೆ ಬರಲಿಲ್ಲ.

ಅಕ್ಟೋಬರ್ 6, ಭಾನುವಾರ

ಶರಣಸಿರಸಗಿಗೆ ಹೋಗಿ ಬಂದೆ. ಹೊಸ ಲೇಔಟಿನಲ್ಲಿ ಅವರ ಮನೆ. ಹತ್ತೊಂಬತ್ತು ವರ್ಷದಲ್ಲಿ ಎರಡನೇ ಸಲ ಹೋದದ್ದು. ಸರ್ ಅಂಗಳದಲ್ಲಿ ಕರಿಬೇವಿನ ಗಿಡಕ್ಕೆ ನೀರು ಹಾಕುತ್ತಿದ್ದರು. ಕೊಡ ಇಳಿಸಿ, "ಬರ್ರಿ ಮೇಡಂ, ಬರ್ರಿ" ಎಂದರು. ಮಾರ್ಕೆಟ್ಟಿನಲ್ಲಿ ನಾನು ತಿರುಗಿ ನೋಡದ್ದು ಆಗಿಯೇ ಇಲ್ಲವೇನೋ ಎಂಬಂತೆ. ಅವರ ಮನೆಯವರು ತಟ್ಟೆಯಲ್ಲಿ ಮಂಡಕ್ಕಿ ಸುಸಲಾ, ಜೊತೆಗೆ ಚಹಾ ಕೊಟ್ಟರು.

ಯಾವ ಮಾತಿನಿಂದ ಶುರು ಮಾಡಬೇಕೆಂದು ಬಸ್ಸಿನಲ್ಲೆಲ್ಲ ಯೋಚಿಸಿದ್ದೆ. ಅವರೇ ಶುರು ಮಾಡಿದರು.

"ಸಭಾದ ಫೈಸ್ಲಾ ಗೊತ್ತಾತ್ರಿ. ಮದಿಹಾ ಶುಕ್ರವಾರ ತಮ್ಮ ಅಣ್ಣನ ಗಾಡಿ ಮ್ಯಾಲೆ ಬಂದಿದ್ಲು. ಯಾರೋ ಹೇಳೂದಕ್ಕಿಂತ ನಾ ಹೇಳ್ತೀನಿ ಸರ್ ಅಂದ್ಲು. ಮೇಡಂ ನಿಮ್ಮ ಪರ ಭಾಳ ಮಾತಾಡಿದ್ರು, ಮಂದಿ ಕೇಳ್ಲಿಲ್ಲ ಅಂದ್ಲು. ನನಗ ಅಷ್ಟು ಸಾಕು ನೋಡ್ರಿ. ನೌಕರಿ ಇರ್ಲಿ, ಹೋಗ್ಲಿ."

ತಟ್ಟೆ ಕೈಯಲ್ಲಿತ್ತು. ಅದನ್ನು ಕೆಳಗಿಡಲು ಜಾಗ ಹುಡುಕಿದೆ. ಅವರ ಮನೆಯವರು ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ಅವರ ಕಣ್ಣಲ್ಲಿದ್ದ ಕೃತಜ್ಞತೆಯನ್ನು ನೋಡಲಾಗಲಿಲ್ಲ.

"ಇಲ್ಲ ಸರ್" ಎಂದೆ. "ನಾ ಮಾತಾಡ್ಲಿಲ್ಲ. ಕೈ ಸೈತ ಎತ್ತಲಿಲ್ಲ. ಎತ್ತಿದಾಕಿ ಮದಿಹಾ ಒಬ್ಬಾಕೇ."

ಅವರ ಮನೆಯವರು ಒಳಗೆ ಹೋದರು. ಸರ್ ಕೊಡ ಎತ್ತಿ ಉಳಿದ ನೀರನ್ನು ಕರಿಬೇವಿನ ಗಿಡಕ್ಕೆ ಹಾಕಿದರು.

"ಹೆದರಿಕಿ ಆಗಿತ್ತೇನ್ರಿ?"

"ಹೆದರಿಕಿ ಅಲ್ರಿ. ಸಿಟ್ಟಿತ್ತು."

"ನನ್ನ ಮ್ಯಾಲೆ?"

"ಹೌದ್ರಿ. ಆ ದಿನ ನೀವು ಬಸ್ಸಿಗಿ ಬರ್ಲಿಲ್ಲಲ್ಲ."

ತಲೆಯಾಡಿಸಿದರು. "ಬರಬೇಕಿತ್ತೋ ಏನೋ. ನನಗ ಇನ್ನಾ ತಿಳದಿಲ್ರಿ. ಬಸ್ ಸ್ಟ್ಯಾಂಡಿನ ತನಕಾ ಬಂದಿದ್ದೆ. ನೀವು ಹತ್ತಿದ್ದು ನೋಡಿದೆ. ಗೌಡ್ರ ಮಾರಿ ಕಣ್ಣ ಮುಂದ ಬಂತು. ಕಾಲೇ ಏಳಲಿಲ್ಲ."

ನಾನು ಎದ್ದೆ. ಹೋಗಿ ಬರುತ್ತೇನೆ ಎಂದು ಹೇಳುವುದಕ್ಕೂ ನಾಚಿಕೆಯಾಯಿತು. ಅವರು, "ಚಾ ಆರಾಕತ್ತದ. ಕುಡದು ಹೋಗ್ರಿ" ಅಂದರು. ಕೂತು ಕುಡಿದೆ.

ಅಕ್ಟೋಬರ್ 8, ಮಂಗಳವಾರ

ಸಮಿತಿಯನ್ನು ಮತ್ತೆ ಸೇರಿಸಬೇಕೆಂದು ನಿನ್ನೆ ಬರೆದು ಕೊಟ್ಟಿದ್ದೆ. ಇಂದು ಸೇರಿತು. ಗುಲಾಮ್ ರಸೂಲ್ ಅವರಿಗೆ ಇಷ್ಟವಿರಲಿಲ್ಲ.

"ಬಾಯಾರ, ಒಮ್ಮೆ ಆದ ಫೈಸ್ಲಾ ಮತ್ತ ತೆಗದ್ರ ಸಭಾಕ್ಕ ಏನು ಕಿಮ್ಮತ್ತು ಉಳೀತದ?"

ನಿಂತುಕೊಂಡೇ ಹೇಳಿದೆ. ಮೇಜು ಹಿಡಿದುಕೊಂಡಿದ್ದೆ. "ಮೊನ್ನೆ ನೀವು ಕೇಳಿದ್ರಿ, ನಾ ಏನೂ ಹೇಳಲಿಲ್ಲ. ಅದು ತಪ್ಪು. ಸರ್ ನಮ್ಮ ಜೊತೆ ಬರಲಿಲ್ಲ, ಖರೆ. ಆದ್ರ ನಮ್ಮನ್ನ ಒಂದು ಮಾತು ಕೇಳದೆ ಕಾಗದ ಕಳಿಸಿದ್ರಂತ ಮೂರು ತಿಂಗಳು ಕೂಗಿದೆವಲ್ಲ, ಈಗ ಅವರನ್ನ ಕರೆದು ಒಂದು ಮಾತು ಕೇಳಿದೆವಾ? ಈ ಊರಿನ ಹುಡುಗಿಯರಿಗೆ ಇಪ್ಪತ್ತೇಳು ವರ್ಷ ಪಾಠ ಹೇಳಿದವರನ್ನ ಐದು ನಿಮಿಷದಲ್ಲಿ ತೆಗೆದು ಹಾಕಿದೆವು. ನನಗೆ ಬಸ್ಸಿಗೆ ಹೊತ್ತಾಗಿತ್ತು, ಅದಕ್ಕೆ."

ಮದಿಹಾ ಕೈ ಎತ್ತಿದಳು. ನಾನು ಎತ್ತಿದೆ. ಮಹಾದೇವಪ್ಪ ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು, ಎತ್ತಿದರು. ಪಾಲಕರ ಪೈಕಿ ತಾಂಡಾದ ತಾಯಿಯೊಬ್ಬಳು ಅರ್ಧ ಎತ್ತಿ ಸುತ್ತ ನೋಡಿ ಪೂರ್ತಿ ಎತ್ತಿದಳು. ನಾಲ್ಕು. ಎದುರು ಮೂರು.

ಗುಲಾಮ್ ರಸೂಲ್ ನಡಾವಳಿ ಪುಸ್ತಕದಲ್ಲಿ ಬರೆಸಿದರು: "ಅಧ್ಯಕ್ಷರು ವಿರೋಧ." ಆಮೇಲೆ ಫೋನು ತೆಗೆದು, "ನಂಬರ ಕೊಡ್ರಿ ಇಲ್ಲಿ. ಸಭಾದ ಮಾತು ಅಧ್ಯಕ್ಷನೇ ಹೇಳಬೇಕಲ್ರಿ" ಅಂದರು.

ಹೊರಗೆ ಮದಿಹಾಳನ್ನು ನಿಲ್ಲಿಸಿ ಕೇಳಿದೆ, ಸರ್ ಹತ್ತಿರ ಯಾಕೆ ಹಾಗೆ ಹೇಳಿದೆ ಎಂದು. ಚಪ್ಪಲಿಯ ತುದಿ ನೋಡುತ್ತ ಅಂದಳು: "ಅವರಿಗಿ ಯಾರರೆ ಒಬ್ರು ಬೇಕಾಗಿದ್ರಲ್ರಿ ಮೇಡಂ. ನಾ ಎತ್ತೀನಂದ್ರ ಏನು ಸಿಗ್ತದ ಅವರಿಗಿ? ನೀವಂದ್ರ ಬ್ಯಾರೆ."

ಅಕ್ಟೋಬರ್ 14, ಸೋಮವಾರ

ದಸರೆ ಮುಗಿದು ಇಂದು ಕಾಲೇಜು. ಸರ್ ಬಸ್ಸಿಗೆ ಬಂದರು. ಮುಂದಿನ ಸೀಟಿನಲ್ಲಿ ಅವರು, ಎರಡು ಸೀಟು ಹಿಂದೆ ನಾನು. ಮಾತು ಹೆಚ್ಚು ಆಗಲಿಲ್ಲ. ಮೊದಲಿನ ಹಾಗೆ ಆಗುತ್ತದೋ ಇಲ್ಲವೋ ಗೊತ್ತಿಲ್ಲ.

ಮೊದಲ ಅವಧಿ ಅವರದು. ನಾನು ಪಕ್ಕದ ಕೋಣೆಗೆ ಹೋಗುವವಳು ಬಾಗಿಲ ಹತ್ತಿರ ನಿಂತೆ. ಹುಡುಗಿಯರು ಎದ್ದು ನಿಂತರು, ಕೂತರು. ಹಾಜರಿ ಪುಸ್ತಕ ಇನ್ನೂ ನನ್ನ ಕೈಯಲ್ಲೇ ಇತ್ತು. ಕೊಡಲು ಒಂದು ಹೆಜ್ಜೆ ಒಳಗಿಟ್ಟೆ. ಅವರು ನೋಡಲಿಲ್ಲ. ಮೇಜಿನ ಮೇಲೆ ಎರಡೂ ಕೈಯೂರಿ ಹೆಸರು ಕರೆಯಲು ಶುರು ಮಾಡಿದರು. ಮೊದಲಿನಿಂದ, ಸಾಲಾಗಿ, ಒಂದೂ ತಪ್ಪದೆ. "ಅಫ್ರೀನ್." "ಹಾಜರ್ ಸರ್." "ಅಂಬಿಕಾ." "ಹಾಜರ್ ಸರ್." ಹಿಂದೆ ಎಂದೂ ಅವರಿಗೆ ಹತ್ತು ಹೆಸರಿಗಿಂತ ಹೆಚ್ಚು ನೆನಪಿದ್ದದ್ದಿಲ್ಲ.

ಪುಸ್ತಕ ನೋಡದೆ ಹೇಗೆ ಕರೆದಿರಿ ಎಂದು ಆಮೇಲೆ ಕೇಳಿದೆ. "ಅಲ್ಲಿ ದಿನಾ ಕರೀತಿದ್ದೆನಲ್ರಿ. ಕ್ಲಾಸು ಅಂದ ಮ್ಯಾಲೆ ಹಾಜರಿ ಕರೀಬೇಕು. ಯಾರೂ ಇರ್ತಿದ್ದಿಲ್ಲ. ಆದ್ರ ಕರೀತಿದ್ದೆ. ಬಾಯಿಪಾಠ ಆಗಿಬಿಟ್ಟಾವ" ಎಂದರು.

ಅದು ಆಮೇಲೆ. ಆಗ ನಾನು ಬಾಗಿಲಲ್ಲೇ ನಿಂತಿದ್ದೆ.

"ಪ್ರೀತಿ ರಾಠೋಡ."

ಉತ್ತರ ಬರಲಿಲ್ಲ. ಸರ್ ತಲೆ ಎತ್ತಿ ಬೆಂಚುಗಳ ಮೇಲೆ ಕಣ್ಣಾಡಿಸಿದರು. ಇನ್ನೊಮ್ಮೆ ಕರೆದರು.

ಮದಿಹಾ ಎದ್ದಳು. "ಆಕಿ ಬರೂದಿಲ್ರಿ ಸರ್. ಆಗಸ್ಟಿನ್ಯಾಗ ಮನೀ ಮಂದಿ ಸಂಗಟ ಪುಣೆಕ್ಕ ಕೆಲಸಕ್ಕ ಹೋದ್ಲು. ಈ ವರ್ಷ ಪರೀಕ್ಷಾ ಆಗ್ತದೋ ಇಲ್ಲೋ ಅಂತ ಕೇಳಿದ್ರು ಅವರಪ್ಪ. ಆಗ್ತದ ಅಂತ ಯಾರೂ ಭರೋಸಾ ಕೊಡ್ಲಿಲ್ಲ."

ಅವಳ ತಂದೆ ಆ ದಿನ ಬಂದು ಕೇಳಿದ್ದು ನನ್ನನ್ನೇ.

ಹೊರಗೆ ದುಂಡಮ್ಮ ಕೊಡ ತಿಕ್ಕುವ ಸದ್ದು ಕೇಳುತ್ತಿತ್ತು. ಸರ್ ಮುಂದಿನ ಹೆಸರು ಕರೆದರು.